ಎಡೆಗಿಟ್ಟ ಮೀನು

ನನ್ನ ಬಾಯಿ ಜೋರು. ಇದನ್ನು ದೊಡ್ಡ ಗುಣ ಎಂಬಂತೆ ಹೇಳಿಕೊಂಡು ತಿರುಗಿದವನು ನಾನು. ಸಾಗರದ ಪೇಟೆಯಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿಯಿದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತಿಕೊಡುವುದು ಕೆಲಸ. ತಂದವರು "ನಾವೆಂತ ಮಾಡ್ಲಿಲ್ಲ ಮಾರಾಯ್ರೆ, ತನ್ನಷ್ಟಕ್ಕೆ ನಿಂತೋಯ್ತು" ಎಂದರೆ ಸಾಕು, "ನೀರಿಲ್ದೆ ಓಡ್ಸಿ ಸುಟ್ಟಾಕಿದ್ದೀರಿ, ನನ್ನತ್ರ ಸುಳ್ಳು ಬ್ಯಾಡ" ಎಂದು ನಾಲ್ಕು ಜನರ ಎದುರೇ ಹೇಳಿಬಿಡುತ್ತಿದ್ದೆ. ಅವರ ಮುಖ ಸಣ್ಣಗಾಗುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟದ್ದೂ ಉಂಟು. ಈಗ ಅದನ್ನೆಲ್ಲ ನೆನೆಸಿಕೊಂಡರೆ ಮೈ ಮುದುಡುತ್ತದೆ.

ಮನೆಯಲ್ಲಿ ನನ್ನ ಬಾಯಿಗೆ ಜಗ್ಗದವರು ಇಬ್ಬರೇ, ನನ್ನ ಮಕ್ಕಳು. ಹೋದ ವರ್ಷ ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಯೋಜನೆಯೆಲ್ಲ ಅವಳದು, ಕೈಕಾಲು ಇವನದು. ಒಂದು ದಿನ ನಾನು ಮನೆಗೆ ತಂದಿಟ್ಟಿದ್ದ ತಾಮ್ರದ ತಂತಿಯ ಸುರುಳಿಯನ್ನು ಬಿಚ್ಚಿ, ಪಕ್ಕದ ಮನೆಯ ಕರುವಿಗೆ ಸರ, ಬಳೆ, ಸೊಂಟದ ಪಟ್ಟಿ ಎಲ್ಲ ಮಾಡಿ ತೊಡಿಸಿದ್ದರು. ಕರು ಮದುಮಗಳ ಹಾಗೆ ಬೀದಿಯಲ್ಲಿ ನಿಂತಿತ್ತು. ಇನ್ನೊಂದು ದಿನ ಮಗಳು ನನ್ನ ಹೆಂಡತಿಯ ಫೋನಿನಿಂದ ಶಾಲೆಯ ಟೀಚರಿಗೆ, ಅಮ್ಮನ ದನಿ ಮಾಡಿಕೊಂಡು, "ನನ್ನ ಮಗಳಿಗೆ ಜ್ವರ, ನಾಳೆ ಕಳ್ಸಲ್ಲ ಮಿಸ್" ಎಂದು ವಾಯ್ಸ್ ಮೆಸೇಜ್ ಬಿಟ್ಟಳು. ಎಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಹಿಂದಿನಿಂದ ಸಣ್ಣ ದನಿಯೊಂದು, "ಅಕ್ಕಾ, ನಂಗೂ ಜ್ವರ ಅಂತ ಹೇಳೇ" ಎಂದದ್ದು ಕೇಳಿಸದಿದ್ದರೆ ಟೀಚರು ನಂಬಿಯೇಬಿಡುತ್ತಿದ್ದರು. ನಾನು ಕೂಗಾಡಿದೆ. ಇಬ್ಬರೂ ಓಡಿಹೋಗಿ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡರು. ಅಲ್ಲಿಗೆ ನನ್ನ ಅಧಿಕಾರ ಮುಗಿಯಿತು.

ಅಜ್ಜಿ ಎಂದರೆ ನನ್ನ ಅವ್ವ. ಅಪ್ಪಯ್ಯ ಹೋದ ಮೇಲೆ ಅವಳಿಗೆ ನಗು ಬರುತ್ತಿದ್ದರೆ ಅದು ಈ ಎರಡು ಮಂಗಗಳಿಂದಲೇ. ಅಪ್ಪಯ್ಯ ಹೋದದ್ದು ಹೇಗೆಂದು ಇಲ್ಲಿ ಹೇಳಿಬಿಡಬೇಕು.

ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದವು. ನಾಲಿಗೆ ಮಾತ್ರ ಯಾವ ಡಾಕ್ಟರ ಮಾತನ್ನೂ ಕೇಳುತ್ತಿರಲಿಲ್ಲ. ಲಿಂಗನಮಕ್ಕಿ ಹಿನ್ನೀರಿನ ಮೀನು, ವಾಟೆಹುಳಿ ಹಾಕಿದ ಸಾರು, ಬಿಸಿ ಕಡುಬು, ಇಷ್ಟಿದ್ದರೆ ಅವರಿಗೆ ಹಬ್ಬ. ಅವತ್ತು ಬೆಳಿಗ್ಗೆ ಎರಡು ತುಂಡು ಆದ ಮೇಲೆ ಮೂರನೆಯದಕ್ಕೆ ಕೈ ಚಾಚಿದರು. ಅವ್ವ ಪಾತ್ರೆ ಎಳೆದುಕೊಂಡು, "ತಿಂದ್ ತಿಂದೇ ಸಾಯೋದಾದ್ರೆ ಸಾಯ್ರಿ, ನನ್ ಕೈಯಿಂದ ಮಾತ್ರ ಬ್ಯಾಡ" ಅಂದಳು. ಅಪ್ಪಯ್ಯ ತಟ್ಟೆ ದೂಡಿ ಎದ್ದರು. "ಇನ್ನು ನಿನ್ನ ಕೈಯಡ್ಗೆ ಮುಟ್ಟಿದ್ರೆ ಕೇಳು" ಎಂದು ಅಂಗಿ ಹಾಕಿಕೊಂಡು ಹೊರಟುಹೋದರು. ಇಂಥ ಜಗಳ ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ಇರುತ್ತಿತ್ತು, ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಅಪ್ಪಯ್ಯ ಬಸ್ ಸ್ಟ್ಯಾಂಡಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವ್ವ ಎಲ್ಲರೆದುರು ಗೋಳಾಡಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: "ನನ್ ಮೇಲೆ ಸಿಟ್ ಮಾಡ್ಕಂಡೇ ಹೋದ್ರು. ಹಸ್ಕಂಡು ಹೋದ್ರು."

ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಅಡುಗೆ ಮಾಡಿ, ಫೋಟೋದ ಮುಂದೆ ಬಾಳೆಎಲೆ ಹಾಕಿ ಎಡೆ ಬಡಿಸುವುದು. ಎಲೆ ಅಡಿಕೆ, ಬೀಡಿ ಸೇದುವವರಾಗಿದ್ದರೆ ಒಂದು ಕಟ್ಟು ಬೀಡಿ, ನೀರು, ದೀಪ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು, ಯಾರೂ ಇಣುಕುವ ಹಾಗಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮನೆಯ ದೊಡ್ಡವರು ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ ತೆರೆಯುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅಷ್ಟಕ್ಕೇ ಮುಗಿಯುತ್ತದೆ, ಎಡೆಯನ್ನು ಪ್ರಸಾದವೆಂದು ಹಂಚಿಕೊಂಡು ಊಟಕ್ಕೆ ಕೂರುತ್ತಾರೆ. ನಮ್ಮ ಅವ್ವ ಮಾತ್ರ ಮೊದಲು ತಾನೇ ಒಳಗೆ ಹೋಗಿ, ಎಲೆಯ ಮುಂದೆ ಮೊಣಕಾಲೂರಿ, ಕಡುಬು ಕದಲಿದೆಯೇ, ಮೀನಿನ ತುಂಡು ಒಂದು ಚೂರಾದರೂ ಸರಿದಿದೆಯೇ ಎಂದು ನೋಡುತ್ತಿದ್ದಳು. ಮೊದಲ ವರ್ಷ ನೋಡಿದಳು. ಎರಡನೆಯ ವರ್ಷ ನೋಡಿದಳು. ಮೂರನೆಯ ವರ್ಷವೂ ನೋಡಿ, ಎದ್ದು ಬಂದು "ಮುಟ್ಲಿಲ್ಲ" ಎಂದಳು. ಎಡೆಯ ದಿನ ಅವಳು ಊಟ ಮಾಡುತ್ತಿರಲಿಲ್ಲ. ಹಬ್ಬದ ಅಡುಗೆ ಮಾಡಿದವಳು ಒಂದು ಲೋಟ ನೀರು ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

"ಸತ್ತವರು ಬಂದು ಮೀನು ತಿಂತಾರೇನೇ ಅವ್ವ, ನಿಂದೊಳ್ಳೆ ಕಥೆ" ಎಂದು ನಾನು ಒಂದೆರಡು ಸಲ ರೇಗಿದ್ದೆ. ಮಕ್ಕಳು ಬಾಗಿಲ ಸಂದಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವು. ಮಕ್ಕಳು ನೋಡುತ್ತಿವೆ ಎಂದು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

ಹೋದ ವರ್ಷ, ಅಂದರೆ ನಾಲ್ಕನೆಯ ಹಬ್ಬ, ಅವ್ವ ಹಠಕ್ಕೆ ಬಿದ್ದವಳಂತೆ ತಯಾರಿ ಮಾಡಿದಳು. ಪೇಟೆಯ ಮೀನು ಬೇಡ ಎಂದಳು. ನಾನು ಬೆಳಕು ಹರಿಯುವ ಮೊದಲೇ ಬೈಕು ತೆಗೆದುಕೊಂಡು ಹೊನ್ನೆಮರಡಿನ ಕಡೆಗೆ ಹೋಗಿ, ಹಿನ್ನೀರಿನಲ್ಲಿ ಬಲೆ ಎತ್ತಿ ಬಂದವರ ಬುಟ್ಟಿಯಿಂದಲೇ ಮೀನು ತಂದೆ. ತಂಗಿ ಮೇಳಿಗೆಯ ತನ್ನ ಗಂಡನ ಮನೆಯಿಂದ ವಾಟೆಹುಳಿ ತಂದಳು. ಹೊಸನಗರದಿಂದ ಚಿಕ್ಕಪ್ಪ ಬಂದರು, ಅಪ್ಪಯ್ಯನ ತಮ್ಮ, ಈಗ ನಮ್ಮ ಮನೆತನಕ್ಕೆ ಅವರೇ ಹಿರಿಯರು. ಅವ್ವ ಅಡುಗೆಗೆ ಯಾರನ್ನೂ ಸೇರಿಸಲಿಲ್ಲ. ನನ್ನ ಹೆಂಡತಿ ಕಾಯಿ ತುರಿದುಕೊಡಲು ಹೋದರೆ, "ನೀ ಬಿಡು ಮಾರಾಯ್ತಿ, ಇದು ನಾನೂ ಅವ್ರೂ ಇತ್ಯರ್ಥ ಮಾಡ್ಕಬೇಕಾದ್ದು" ಎಂದು ತಾನೇ ಅರೆದಳು.

ಹನ್ನೊಂದು ಗಂಟೆಗೆ ಎಡೆ ಸಿದ್ಧವಾಯಿತು. ಅಪ್ಪಯ್ಯ ಮಲಗುತ್ತಿದ್ದ ಸಣ್ಣ ಕೋಣೆಯಲ್ಲಿ, ಅವರ ಮಂಚದ ಎದುರಿಗೆ ಫೋಟೋ ಇಟ್ಟು ಎಲೆ ಹಾಕಿದ್ದಳು. ನಾಲ್ಕು ಕಡುಬು, ಬಟ್ಟಲು ತುಂಬ ಸಾರು, ಬದಿಯಲ್ಲಿ ಮೂರು ದೊಡ್ಡ ತುಂಡು ಮೀನು. ಮೂರು ಯಾಕೆಂದು ಗೊತ್ತಿದ್ದವರಿಗೆ ಗೊತ್ತಿತ್ತು. ಎಲ್ಲರೂ ಕೈಮುಗಿದು ಹೊರಗೆ ಬಂದೆವು. ಬಾಗಿಲು ಮುಚ್ಚಿತು.

"ಮಕ್ಳೆಲ್ಲಿ?" ಎಂದು ಚಿಕ್ಕಪ್ಪ ಕೇಳಿದರು.

"ಪಕ್ಕದ್ಮನೆಲಿ ಟಿ.ವಿ. ನೋಡ್ತಾ ಇರ್ಬೇಕು, ಆಗ್ಲೇ ಓಡ್ಹೋದ್ವು. ಒಳ್ಳೇದೇ ಆಯ್ತು ಬಿಡಿ" ಎಂದಳು ಹೆಂಡತಿ.

ನಮಗೆಲ್ಲ ನಿಜಕ್ಕೂ ಒಳ್ಳೆಯದೇ ಆಯಿತು ಅನ್ನಿಸಿತು. ನಡುಮನೆಯಲ್ಲಿ ಕೂತೆವು. ಅವ್ವ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ತಂಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟಿದ್ದಳು. ಅರ್ಧ ಗಂಟೆಯಾದ ಮೇಲೆ ಚಿಕ್ಕಪ್ಪ ಎದ್ದು, ಕೆಮ್ಮಿ, ಮೂರು ಸಲ ತಟ್ಟಿ ಬಾಗಿಲು ತೆರೆದರು.

ಅವ್ವ ಒಳಗೆ ಹೋದಳು. ನಾವು ಹೊಸ್ತಿಲಲ್ಲಿ ನಿಂತೆವು. ಆಮೇಲೆ ಅವ್ವನ ಗಂಟಲಿನಿಂದ ಬಂದ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬಂದಾರೆ ಕಣಾ! ನಿನ್ನಣ್ಣ ಬಂದಾರೆ, ನೋಡಾ ಇಲ್ಲಿ! ಉಂಡಾರೆ!"

ಚಿಕ್ಕಪ್ಪ ಒಳಗೆ ನುಗ್ಗಿದರು. ನಾನೂ ನೋಡಿದೆ. ಎರಡು ತುಂಡು ಮೀನು ಇರಲಿಲ್ಲ. ಒಂದು ಕಡುಬು ಅರ್ಧ ಮುರಿದಿತ್ತು. ಮೀನಿನ ಮುಳ್ಳುಗಳನ್ನು ಎಲೆಯ ಅಂಚಿಗೆ ಒಂದರ ಪಕ್ಕ ಒಂದರಂತೆ, ಬೇಲಿ ಗೂಟ ನೆಟ್ಟ ಹಾಗೆ ಸಾಲಾಗಿ ಜೋಡಿಸಲಾಗಿತ್ತು. ಅದು ಅಪ್ಪಯ್ಯನ ಅಭ್ಯಾಸ. ಬೇರೆ ಯಾರೂ ಹಾಗೆ ಜೋಡಿಸುವುದಿಲ್ಲ. ತಂಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳತೊಡಗಿದಳು. ಚಿಕ್ಕಪ್ಪ ಟೋಪಿ ತೆಗೆದು ಕೈಮುಗಿದರು.

ಅವ್ವ ಫೋಟೋದ ಎದುರು ನೆಲಕ್ಕೆ ಹಣೆ ಹಚ್ಚಿ ಮಾತಾಡುತ್ತಿದ್ದಳು. ಮಕ್ಕಳ ಎದುರು, ಮೈದುನನ ಎದುರು ಆಡುವ ಮಾತಲ್ಲ ಅದು. "ತಪ್ಪಾತು, ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನೀವು ಸಾಯ್ಲಿ ಅಂತ ಅಂದಿದ್ದಲ್ಲ, ಇರ್ಲಿ ಅಂತ ಅಂದಿದ್ದು. ನಾಲ್ಕ್ ವರ್ಷದಿಂದ ಗಂಟ್ಲಲ್ಲಿ ಅನ್ನ ಇಳೀಲಿಲ್ಲ ನಂಗೆ. ಇವತ್ತು ಉಂಡ್ರಲ್ಲ, ಸಾಕು, ಇನ್ನೆಂತೂ ಬ್ಯಾಡ." ಹಾಗೆ ಹೇಳುತ್ತಾ ನಗುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು, ನಗುತ್ತಿದ್ದಳು. ಅವಳ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಗ ಮಂಚದ ಕೆಳಗಿನಿಂದ ಬಿಕ್ಕಳಿಕೆ ಕೇಳಿಸಿತು.

ಕೇಳಿಸಿದ್ದು ನನಗೊಬ್ಬನಿಗೇ. ಉಳಿದವರೆಲ್ಲ ಅಳುತ್ತಿದ್ದರು. ಬಗ್ಗಿ ನೋಡಿದೆ. ಮಂಚದಿಂದ ಇಳಿಬಿದ್ದಿದ್ದ ಹೊದಿಕೆಯ ಹಿಂದೆ ಎರಡು ಜೊತೆ ಕಣ್ಣು. ಮಗನ ಬಾಯಿ ಮೂಗು ಎಲ್ಲ ಸಾರಾಗಿತ್ತು, ಖಾರಕ್ಕೆ ಕಣ್ಣು ಕೆಂಪಾಗಿತ್ತು. ಮಗಳು ಒಂದು ಕೈಯಲ್ಲಿ ಅವನ ಬಾಯಿ ಮುಚ್ಚಿ, ಇನ್ನೊಂದು ಕೈಯ ಬೆರಳನ್ನು ತನ್ನ ತುಟಿಗಿಟ್ಟುಕೊಂಡು ನನ್ನನ್ನೇ ನೋಡಿದಳು. ಬೇಡಿಕೊಳ್ಳುವ ನೋಟ ಅದು. ಸುಮ್ಮನಿರು ಅಪ್ಪ, ಎನ್ನುವ ನೋಟ. ಎಂಟು ವರ್ಷದ ಹುಡುಗಿಗೆ ಅರ್ಥವಾಗಿತ್ತು. ಮೂವತ್ತೊಂಬತ್ತು ವರ್ಷದ ಕತ್ತೆಗೆ ಆಗಲಿಲ್ಲ.

ನಾನು ಮಾಡಬೇಕಾಗಿದ್ದು ಇಷ್ಟೇ: ಹೊದಿಕೆಯನ್ನು ಸರಿಮಾಡಿ, ಅವ್ವನನ್ನು ಎಬ್ಬಿಸಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. ಹಿರಿಯರ ಎಡೆಗೆ ಕೈಹಾಕಿದರಲ್ಲ ಎಂಬ ಸಿಟ್ಟು ಅದು ಎಂದು ನಾನು ಆಮೇಲೆ ಎಷ್ಟೋ ಸಲ ಸಮಜಾಯಿಷಿ ಕೊಟ್ಟಿದ್ದೇನೆ. ಸುಳ್ಳು. ಎಡೆಯನ್ನೇ ನಂಬದವನಿಗೆ ಯಾವ ಎಡೆಯ ಸಿಟ್ಟು? ಮಗನ ರಟ್ಟೆ ಹಿಡಿದು ಹೊರಗೆಳೆದೆ, ಕೆನ್ನೆಗೆ ಬಾರಿಸಿದೆ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ.

"ಯಾವ ಅಪ್ಪಯ್ಯನೂ ಬಂದಿಲ್ಲ ಅವ್ವ! ತಿಂದಿದ್ದು ಈ ಮಂಗ! ನೋಡು ಬಾಯಿ!"

ಅವ್ವ ತಲೆಯೆತ್ತಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಮಗುವಿನ ಬಾಯಿ, ಆಮೇಲೆ ಎಲೆಯ ಅಂಚಿನ ಮುಳ್ಳಿನ ಸಾಲು. ನಗು ಇನ್ನೂ ಮುಖದ ಮೇಲೇ ಇತ್ತು, ಅದಕ್ಕೆ ಹೋಗಲು ದಾರಿ ಗೊತ್ತಾಗಲಿಲ್ಲ. ಮೆಲ್ಲಗೆ ಹೋಯಿತು. ತಾನು ಅಷ್ಟು ಹೊತ್ತು ಎಲ್ಲರೆದುರು ಏನೇನು ಹೇಳಿಬಿಟ್ಟೆ ಎಂದು ಅವಳಿಗೆ ನೆನಪಾದದ್ದು ನನಗೆ ಕಂಡಿತು. ಸೆರಗನ್ನು ಎಳೆದು ಮೈತುಂಬ ಹೊದ್ದುಕೊಂಡಳು, ಬೆತ್ತಲಾದವಳಂತೆ. ನನ್ನ ತಾಯಿಗೆ ನಾನು ಹೀಗೆ ಮಾಡಿದೆ.

ಅವಳು ಬೈಯಲಿಲ್ಲ. ಅಳುತ್ತಿದ್ದ ಮಗನನ್ನು ಹತ್ತಿರ ಎಳೆದುಕೊಂಡು, ಬಾಯಿ ತೆರೆಸಿ ಒಳಗೆ ನೋಡಿ, "ಮುಳ್ಳೆಂತಾದ್ರೂ ಚುಚ್ತೇನಾ ಪುಟ್ಟಾ? ಬರೀ ಖಾರ ಅಲ್ದಾ?" ಎಂದು ಕೇಳಿದಳು. ಎಡೆಗಿಟ್ಟಿದ್ದ ನೀರನ್ನೇ ಅವನಿಗೆ ಕುಡಿಸಿದಳು.

ಮಗಳು ತಾನಾಗಿಯೇ ಮಂಚದ ಕೆಳಗಿನಿಂದ ತೆವಳಿ ಬಂದಳು. ಲಂಗದ ಧೂಳು ಕೊಡವಿಕೊಂಡು ನನ್ನೆದುರು ನಿಂತಳು. "ತಮ್ಮಂಗೆ ಹೊಡೀಬೇಡ. ನಾನೇ ಹೇಳಿದ್ದು ಅವ್ನಿಗೆ. ಅಜ್ಜ ತಿಂದ್ರೆ ಅಜ್ಜಿನೂ ಊಟ ಮಾಡ್ತಾರೆ ಅಂತ."

"ಮುಳ್ಳು ಜೋಡ್ಸಿದ್ದು?" ಎಂದು ತಂಗಿ ಕೇಳಿದಳು.

"ನಾನೇ. ಅಜ್ಜಿನೇ ಹೇಳಿದ್ರಲ್ಲ, ಅಜ್ಜ ಹಂಗಿಡ್ತಿದ್ರು ಅಂತ. ಮೂರ್ನೇದೂ ತಿನ್ಬೇಕಿತ್ತು. ಇವ್ನಿಗೆ ಖಾರ ಆಗ್ಬಿಡ್ತು."

ಚಿಕ್ಕಪ್ಪ ಕೆಮ್ಮುತ್ತಾ ಹೊರಗೆ ಹೋಗಿಬಿಟ್ಟರು. ತಂಗಿ ನನ್ನ ಕಡೆ ತಿರುಗಿ, "ಒಂದಿನ ಅಣ್ಣ. ಒಂದೇ ಒಂದಿನ ಬಾಯ್ಮುಚ್ಕಂಡು ಇರಕ್ಕಾಗ್ಲಿಲ್ವಾ ನಿಂಗೆ?" ಅಂದಳು. ಹೆಂಡತಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಈಗ ಬರೆಯಲು ಹೊರಟಿರುವುದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅಂಗಡಿಯಲ್ಲಿ ಕಂಡವರ ಸುಳ್ಳನ್ನೆಲ್ಲ ಹಿಡಿದು ಎತ್ತಿ ತೋರಿಸುತ್ತಿದ್ದವನು ಮನೆಯಲ್ಲಿ ನಾಲ್ಕು ವರ್ಷ ಒಂದು ಮಾತನ್ನು ನುಂಗಿಕೊಂಡು ಕೂತಿದ್ದೆ.

ಜಗಳವಾದ ದಿನ ಮಧ್ಯಾಹ್ನದ ಹೊತ್ತಿಗೆ ಅಪ್ಪಯ್ಯ ನನ್ನ ಅಂಗಡಿಗೆ ಬಂದಿದ್ದರು. ಸ್ಟೂಲಿನ ಮೇಲೆ ಕೂತರು. ನಾನು ಒಂದು ಮೋಟಾರಿನ ಕಾಯಿಲ್ ಎಣಿಸಿ ಸುತ್ತುತ್ತಿದ್ದೆ, ಸುತ್ತು ತಪ್ಪಿದರೆ ಮೊದಲಿನಿಂದ ಸುತ್ತಬೇಕು. ಅವರು ಸ್ವಲ್ಪ ಹೊತ್ತು ನೋಡಿ, "ಮನೆಗೊಂದು ಫೋನ್ ಮಾಡಾ" ಅಂದರು. "ಆ ಮೀನ್‌ಸಾರು ಚೆಲ್ಲದು ಬ್ಯಾಡ ಅಂತ ಹೇಳು. ಊಟಕ್ಕೆ ಬರ್ತೀನಿ ಅಂತ ಹೇಳು. ನಾನ್ ಮಾಡಿದ್ರೆ ಅವ್ಳು ಕಟ್ ಮಾಡ್ತಾಳೆ." ನಾನು ತಲೆಯೆತ್ತಲಿಲ್ಲ. "ನಿಮ್ಮಿಬ್ರ ಜಗಳಕ್ಕೆ ನಾನೇನು ಪೋಸ್ಟ್‌ಮ್ಯಾನಾ? ನಂಗೆ ಕೆಲ್ಸ ಇದೆ. ನೀವೇ ಹೋಗಿ ಹೇಳ್ಕಳಿ" ಎಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರಲ್ಲೊಬ್ಬ ನಕ್ಕ. ಅಪ್ಪಯ್ಯನೂ ನಕ್ಕ ಹಾಗೆ ಮಾಡಿದರು. "ಆತು ಮಾರಾಯ" ಎಂದು ಎದ್ದರು. ಬಸ್ ಸ್ಟ್ಯಾಂಡಿನ ಕಡೆಗೆ ಹೊರಟರು. ನಮ್ಮ ಮನೆಗೆ ಹೋಗುವ ದಾರಿ ಅದೇ. ಅವರು ಸಿಟ್ಟು ಮಾಡಿಕೊಂಡು ಎಲ್ಲೋ ಅಲೆಯುತ್ತಿರಲಿಲ್ಲ. ಊಟಕ್ಕೆ ಮನೆಗೆ ಬರುತ್ತಿದ್ದರು.

ಇದನ್ನು ಅವ್ವನಿಗೆ ಹೇಳಬೇಕಾದರೆ ನನ್ನ ಉತ್ತರವನ್ನೂ ಹೇಳಬೇಕಿತ್ತು. ಹೆಣ ಮನೆಯಲ್ಲಿದ್ದಾಗ ಆಗಲಿಲ್ಲ. ತಿಥಿಯ ದಿನ ಹೇಳೋಣ ಎಂದುಕೊಂಡೆ. ಆಮೇಲೆ ದಿನ ಕಳೆದ ಹಾಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದೂ ಒಂದು ಅಪರಾಧವಾಗಿ ಸೇರಿಕೊಂಡಿತು. ಅವಳು "ಹಸ್ಕಂಡು ಹೋದ್ರು" ಎಂದಾಗಲೆಲ್ಲ ಎದ್ದು ಅಂಗಡಿಗೆ ಹೋಗುತ್ತಿದ್ದೆ. ಇವತ್ತು ಎಡೆಯಲ್ಲಿ ಮುಳ್ಳಿನ ಸಾಲು ಕಂಡಾಗ, ನಂಬದ ನಾನೂ ಒಂದು ಗಳಿಗೆ ನಂಬಿದ್ದೆ. ಅಪ್ಪಯ್ಯ ನಿಜವಾಗಿ ಬಂದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಾರೆ ಎಂದು ಹೆದರಿದ್ದೆ. ತಿಂದದ್ದು ಮಗ ಎಂದು ಗೊತ್ತಾದ ಕೂಡಲೇ ನಾನು ಕೂಗಿದ್ದು ಆ ಹೆದರಿಕೆ ಹೋದ ಜೋರಿಗೆ. ಐದು ವರ್ಷದ ಮಗುವಿನ ಕೆನ್ನೆಗೆ ಬಿದ್ದದ್ದು ಅದು.

ಅವ್ವ ಮೀನುಸಾರಿನ ಮಡಕೆ ತೊಳೆಯಲು ಹಿತ್ತಲಿಗೆ ಬಂದಳು. ನನ್ನನ್ನು ನೋಡಿ, "ಸಣ್ ಮಕ್ಳು. ಇನ್ನು ಹೊಡೀಬ್ಯಾಡ" ಎಂದಳು. ಅಷ್ಟೇ. ನಾರು ತೆಗೆದುಕೊಂಡು ಉಜ್ಜತೊಡಗಿದಳು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳ ಮುಖ ನೋಡಿಕೊಂಡು ಹೇಳಲಿಲ್ಲ, ಮಡಕೆ ನೋಡಿಕೊಂಡು ಹೇಳಿದೆ. ಅವಳ ಕೈ ನಿಂತಿತು.

"ಮತ್ತೊಂದ್ಸಲ ಹೇಳು. ಅವ್ರು ಎಂತ ಅಂದ್ರು?"

"ಮೀನ್‌ಸಾರು ಚೆಲ್ಲದು ಬ್ಯಾಡ ಅಂತ ಹೇಳು. ಊಟಕ್ಕೆ ಬರ್ತೀನಿ ಅಂತ ಹೇಳು."

"ಹಂಗೇ ಅಂದ್ರಾ? ಸಿಟ್ಟಲ್ಲಿ ಅಂದ್ರಾ?"

"ಇಲ್ಲೆ ಅವ್ವ. ಸಿಟ್ಟಿರ್ಲಿಲ್ಲ."

ಅವಳು ಮಡಕೆಯ ಪಕ್ಕ ಒದ್ದೆ ನೆಲದ ಮೇಲೇ ಕೂತಳು. "ನಾ ಸಾರು ಚೆಲ್ಲಿರ್ಲಿಲ್ಲ ಕಣಾ. ಒಲೆ ಪಕ್ಕ ಮುಚ್ಚಿಟ್ಟಿದ್ದೆ. ಬರ್ತಾರೆ ಅಂತ ಮೂರ್ ಗಂಟೆ ತನಕ ಬಾಗ್ಲಲ್ಲೇ ಇದ್ದೆ. ಅವ್ರನ್ನ ಹೊತ್ಕಂಡು ಬಂದವ್ರು ನೀವು." ಮತ್ತೆ ನಾರು ಕೈಗೆತ್ತಿಕೊಂಡು ಕೇಳಿದಳು, "ಅದಕ್ಕೆ ನೀ ಎಂತ ಅಂದೆ?"

ಮೊದಲೇ ಹೇಳಿದ್ದೆ. ಮತ್ತೆ ಹೇಳಿಸಿದಳು. ಪೋಸ್ಟ್‌ಮ್ಯಾನ್ ಎಂಬಲ್ಲಿಗೆ ಬಂದು ನಿಲ್ಲಿಸಿದೆ. ನಾನು ಪೂರ್ತಿ ಮುಗಿಸುವ ತನಕ ಅವಳು ಕಾದಳು.

"ನಾಲ್ಕ್ ವರ್ಷ ಆತಲ್ಲಾ ಮಗ" ಎಂದಳು. ಬೈಗುಳವಲ್ಲ ಅದು. ಲೆಕ್ಕ ತಪ್ಪಿದವರು ಇನ್ನೊಮ್ಮೆ ಎಣಿಸುವ ದನಿ. ಆಮೇಲೆ ಮಡಕೆ ತೊಳೆದು ಕವಚಿಹಾಕಿ ಒಳಗೆ ಹೋದಳು. ಅವತ್ತು ಅವಳು ಊಟ ಮಾಡಿದಳು. ಎಡಬಲಕ್ಕೆ ಮಕ್ಕಳನ್ನು ಕೂರಿಸಿಕೊಂಡು, ಎಲೆಯಲ್ಲಿ ಉಳಿದಿದ್ದ ಆ ಮೂರನೆಯ ತುಂಡನ್ನು ಮುಳ್ಳು ತೆಗೆದು ಮೂರು ಪಾಲು ಮಾಡಿದಳು, ಮೂವರೂ ತಿಂದರು. ನನಗೂ ಬಡಿಸಿದಳು. ನನ್ನ ಮುಖ ನೋಡಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಆ ಮಾತನ್ನು ನನ್ನಿಂದ ಎಷ್ಟು ಸಲ ಹೇಳಿಸಿದ್ದಾಳೋ ನಾನು ಎಣಿಸಿಲ್ಲ. ಕಾಫಿ ಕುಡಿಯುವಾಗ, ತರಕಾರಿ ಹೆಚ್ಚುವಾಗ, ಇದ್ದಕ್ಕಿದ್ದಂತೆ, "ಅವತ್ತು ಎಂತ ಅಂದ್ರು ಅಂದೆ?" ನಾನು ಹೇಳಬೇಕು. ಕೇಳಿ ಮುಗುಳ್ನಗುತ್ತಾಳೆ. ಆಮೇಲೆ "ಅದಕ್ಕೆ ನೀ ಎಂತ ಅಂದೆ?" ಅದನ್ನೂ ಹೇಳಬೇಕು. ಮಕ್ಕಳೆದುರು ಕೇಳಬೇಡ ಅವ್ವ ಎಂದು ಬೇಡಿಕೊಳ್ಳಲು ನನಗೆ ಯಾವ ಮುಖವಿದೆ? ಹೇಳುತ್ತೇನೆ.

ಹೋದ ವಾರ ಅಂಗಡಿಯಿಂದ ಬೇಗ ಬಂದೆ. ಸಂಜೆಯ ಬಿಸಿಲಿತ್ತು. ಗೇಟಿನ ಹತ್ತಿರ ಬರುವಾಗ ಜಗಲಿಯಿಂದ ಮಕ್ಕಳ ದನಿ ಕೇಳಿಸಿತು. ಮಗಳು ಹೆಗಲಿಗೆ ಟವೆಲ್ ಹಾಕಿಕೊಂಡು, ಬೆನ್ನು ಬಗ್ಗಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಮಗ ನನ್ನದೊಂದು ಹಳೆಯ ಸ್ಪ್ಯಾನರು ಹಿಡಿದುಕೊಂಡು ಚಂಬು ರಿಪೇರಿ ಮಾಡುತ್ತಿದ್ದ. ಅವ್ವ ಕಂಬಕ್ಕೆ ಒರಗಿ ಕೂತು ಆಟ ನೋಡುತ್ತಿದ್ದಳು.

"ಮನೆಗೊಂದು ಫೋನ್ ಮಾಡಾ" ಎಂದಳು ಮಗಳು, ದಪ್ಪ ದನಿಯಲ್ಲಿ. "ಮೀನ್‌ಸಾರು ಚೆಲ್ಲದು ಬ್ಯಾಡ ಅಂತ ಹೇಳು."

ಮಗ ತಲೆಯೆತ್ತಲಿಲ್ಲ. "ನಾನೇನು ಪೋಸ್ಟ್‌ಮ್ಯಾನಾ? ನಂಗೆ ಕೆಲ್ಸ ಇದೆ. ನೀವೇ ಹೇಳ್ಕಳಿ." ನನ್ನದೇ ದನಿ, ನನ್ನದೇ ಸಿಡುಕು. ನಾನು ಮನೆಯಲ್ಲಿ ಅದನ್ನು ಒಮ್ಮೆಯೂ ಆ ದನಿಯಲ್ಲಿ ಹೇಳಿರಲಿಲ್ಲ. ಅವನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

"ಹಂಗಲ್ಲ ಪುಟ್ಟಾ" ಎಂದಳು ಅವ್ವ. "ಈ ಸಲ ಫೋನ್ ಮಾಡು."

ಮಗ ಒಂದು ಗಳಿಗೆ ಯೋಚಿಸಿ, ಸ್ಪ್ಯಾನರನ್ನು ಕಿವಿಗೆ ಹಿಡಿದ. "ಹಲೋ ಅಜ್ಜಿ. ಅಜ್ಜ ಊಟಕ್ಕೆ ಬರ್ತಾರಂತೆ."

ಅವ್ವ ಬರಿಗೈಯನ್ನು ಕಿವಿಗೆ ಹಚ್ಚಿಕೊಂಡಳು. "ಹೌದನಾ? ಆತು. ಸಾರು ಬಿಸಿ ಮಾಡಿ ಇಟ್ಟಿರ್ತೀನಿ ಅಂತ ಹೇಳು. ಬೇಗ ಬರಕ್ಕೆ ಹೇಳು."

ನಾನು ಗೇಟಿನ ಹೊರಗೇ ನಿಂತಿದ್ದೆ.